ಭಯಾನಕ ರಸ ಮತ್ತು ನಟನ ಮೈಮೇಲಿನ ಪೆಟ್ಟು

ಪ್ರೇಕ್ಷಕರಲ್ಲಿ ಭಾವ ಕೆರಳಿಸಲು ನಟನನ್ನೇ ನೋಯಿಸುವುದು ಧರ್ಮಸಮ್ಮತವೇ ಎಂಬ ಪ್ರಶ್ನೆಯನ್ನು 1973ರ ಭಯಾನಕ ಚಿತ್ರ ‘ದಿ ಎಕ್ಸಾರ್ಸಿಸ್ಟ್’ನ ಚಿತ್ರೀಕರಣವು ತೀವ್ರವಾಗಿ ಎತ್ತುತ್ತದೆ. ಸಾಯುತ್ತಿರುವ ಗೆಳೆಯನಿಗೆ ಅಂತಿಮ ಸಂಸ್ಕಾರ ನೀಡುವ ದೃಶ್ಯಕ್ಕೆ ಮುನ್ನ, ನಿಜಜೀವನದಲ್ಲಿಯೂ ಪಾದ್ರಿಯಾಗಿದ್ದ ನಟ ವಿಲಿಯಂ ಒಮ್ಯಾಲಿಯವರನ್ನು ತನ್ನ ಮೇಲೆ ನಂಬಿಕೆಯಿದೆಯೇ ಎಂದು ಕೇಳಿದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್, ಹೌದೆಂದೊಡನೆ ಅವರ ಕೆನ್ನೆಗೆ ಹೊಡೆದು ಚಿತ್ರೀಕರಿಸಿದರು. ತೆರೆಯ ಮೇಲೆ ಕಾಣುವ ಅವರ ಕೈನಡುಕ ಆ ಪೆಟ್ಟಿನದು. ಆದರೆ ಭಾರತೀಯ ಕಾವ್ಯಮೀಮಾಂಸೆಯ ಪ್ರಕಾರ ರಸವು, ಎಂದರೆ ಸಹೃದಯನಲ್ಲಿ ಮೂಡುವ ಕಲಾಸ್ವಾದವು, ಲೌಕಿಕ ನೋವಿಗಿಂತ ಭಿನ್ನವಾದದ್ದು. ಒಬ್ಬನ ಭಾವ ಹೀಗೆ ಎಲ್ಲರದ್ದಾಗುವ ಕ್ರಿಯೆಗೆ ಸಾಧಾರಣೀಕರಣವೆಂದು ಹೆಸರು. ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಘೋಡಗೇರಿ ಸೀಮೆಗೆ ಚಿರಪರಿಚಿತವಾದ, ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಸತ್ಯಭಾಮೆಯ ಸಂಕಟವನ್ನು ಹಾಡು, ಮಾತು, ಹೆಜ್ಜೆಗಳೇ ಹೊರುತ್ತವೆ. ಫ್ರೀಡ್ಕಿನ್ನರ ದೃಶ್ಯ ಮನ ಕಲಕುವುದು ನಿಜವೇ. ಆದರೂ ನಟನ ನಂಬಿಕೆಯನ್ನೇ ಅಲ್ಲಿ ಸಾಧನ ಮಾಡಿಕೊಂಡದ್ದು ಪೆಟ್ಟಿಗಿಂತಲೂ ದೊಡ್ಡ ಅಪಚಾರವಾಗಿದೆ.