ವ್ರತದ ನೋವೂ ವ್ಯಾಧಿಯ ನೋವೂ

ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಉತ್ಸವದಲ್ಲಿ, ಮನೆಮಾತು ಕನ್ನಡವಾಗಿರುವ ದೇವಾಂಗ ಕುಲದ ತರುಣರು ತಾಯಿಯನ್ನು ಕೂಗಿ ಕರೆಯುತ್ತ, ತಮ್ಮ ಎದೆತೋಳುಗಳನ್ನು ತಾವೇ ಕತ್ತಿಯಿಂದ ಗಾಯಗೊಳಿಸಿಕೊಂಡು, ಒಸರುವ ನೆತ್ತರಿಗೆ ಅರಿಸಿನದ ಪುಡಿಯನ್ನೊತ್ತಿ ಮುನ್ನಡೆಯುವುದನ್ನು ಕಂಡವನಿಗೆ, ನೋವೆಂಬುದು ಕೇವಲ ಅನಿಷ್ಟವೆಂದು ಹೇಳಲು ನಾಲಗೆ ಏಳದು. ಆದರೆ ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಮಗ್ಗದ ಕುಣಿಯಲ್ಲೇ ಬಾಳು ಸವೆಸಿದ ಅದೇ ಕುಲದ ವೃದ್ಧನೊಬ್ಬನಿಗೆ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿ, ಮಗ್ಗುಲು ಹೊರಳುವುದೂ ದುಸ್ಸಾಧ್ಯವಾದಾಗ, ಇದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು ಎಂದು ಬಂಧುಗಳು ಮಾರ್ಫಿನ್ ಮಾತ್ರೆಯನ್ನು ದೂರವಿರಿಸಿದರೆ, ಅದು ಧರ್ಮವೇ?

ಅಲಗಿನ ನೋವಿಗೆ ಸಂಕಲ್ಪವುಂಟು, ಮುಹೂರ್ತವುಂಟು, ಮುಗಿತಾಯವೂ ಉಂಟು. ಕೈ ತಡೆದರೆ ಅದು ನಿಂತೀತು. ಎಲುಬಿನ ನೋವಾದರೋ, ಅಸ್ಥಿಯನ್ನು ಕರಗಿಸುವ ದೇಹದ ಸಹಜ ಜೀವಕೋಶಗಳನ್ನೇ ಅರ್ಬುದವು ಅತಿಯಾಗಿ ಕೆರಳಿಸುವುದರಿಂದ ಹುಟ್ಟಿ, ಇರುಳೆನ್ನದೆ ಹಗಲೆನ್ನದೆ ಕಾಡುತ್ತದೆ. ಅರ್ಪಿಸುವವನ ಸಂಕಲ್ಪಶಕ್ತಿಯನ್ನೇ ಮೊದಲು ನುಂಗುವ ಇಂಥ ವೇದನೆಯನ್ನು ತಪಸ್ಸೆಂದು ಕರೆಯಲು ನಾನು ಒಪ್ಪೆನು. ಶಾಸ್ತ್ರವಿಹಿತವಲ್ಲದ, ದಂಭದಿಂದ ಶರೀರವನ್ನು ಕೃಶಗೊಳಿಸುವ ಘೋರತಪಸ್ಸನ್ನು ಗೀತೆಯ 17ನೆಯ ಅಧ್ಯಾಯವು ಆಸುರವೆನ್ನುತ್ತದೆ (ಅಲಗುಸೇವೆಯವರ ಮೇಲೆ ಆ ಮಾತನ್ನು ಹೊರಿಸಲು ಹೊರಟಿಲ್ಲ, ಅವರ ದೇಹ ಅವರದು), ಹಾಗಿರುವಲ್ಲಿ ಪರರ ದೇಹದ ಮೇಲೆ ತಪಸ್ಸನ್ನು ಹೇರಲು ನಮಗೆಲ್ಲಿಯ ಅಧಿಕಾರ? ಪ್ರಾರಬ್ಧವಾದಿಯೂ ಕಾಲು ಮುರಿದರೆ ಮೂಳೆ ಕಟ್ಟಿಸಿಕೊಳ್ಳದೆ ಇರನಷ್ಟೆ.

ನೋಯುವ ಎಲುಬಿಗೆ 8 ಗ್ರೇ ಪ್ರಮಾಣದ ವಿಕಿರಣವನ್ನು ಒಂದೇ ಸಲ ಕೊಟ್ಟರೂ ಬಹುಮಂದಿಗೆ ಕೆಲವು ವಾರಗಳಲ್ಲಿ ಉಪಶಮನವಾಗುತ್ತದೆ. ಅಲ್ಲಿಯವರೆಗೆ ಆಸರೆ ಮಾರ್ಫಿನ್. 1985ರ ಮಾದಕದ್ರವ್ಯ ಕಾಯಿದೆಯಿಂದ ಅದಕ್ಕೊದಗಿದ್ದ ತೊಡಕುಗಳನ್ನು 2014ರ ತಿದ್ದುಪಡಿ ಸಡಿಲಿಸಿತು. ಸಡಿಲವಾಗದೆ ಉಳಿದಿರುವುದು ಆಸ್ತಿಕನ ಒಂದು ಶಂಕೆ: ಔಷಧವು ಬುದ್ಧಿಯನ್ನು ಮಸುಳಿಸಿದರೆ ಕೊನೆಗಳಿಗೆಯ ಭಗವತ್ಸ್ಮರಣೆ ತಪ್ಪೀತಲ್ಲ? ಗೀತೆಯ 8ನೆಯ ಅಧ್ಯಾಯವೇ ಬೆನ್ನಿಗಿರುವ ಈ ಶಂಕೆ ಹಗುರವಾದುದಲ್ಲ. ಆದರೆ ಅಳತೆಯರಿತು ಕೊಟ್ಟಲ್ಲಿ ಆರಂಭದ ತೂಕಡಿಕೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಳಿಯದಿರುವುದು ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮದ್ದು ಬೇಕು. ಎಷ್ಟೋ ರಾತ್ರಿಗಳ ಕಾಲ ಕಣ್ಣು ಮುಚ್ಚದವನ ಚಿತ್ತದಲ್ಲಿ ನೋವಲ್ಲದೆ ಮತ್ತಾವ ದೈವಕ್ಕೆ ಎಡೆಯಿದ್ದೀತು?

ಪೂಜೆಯ ವೇಳೆ ಪೂರ್ಣ ಎಚ್ಚರದಿಂದಿರಬೇಕೆಂದು ರೋಗಿಯೇ ಬಯಸಿ, ವೈದ್ಯನೊಡನೆ ವಿಚಾರಿಸಿ ಮಾತ್ರೆಯನ್ನು ಕಡಿಮೆ ಮಾಡಿಕೊಂಡನಾದರೆ, ಅದಕ್ಕೆ ವ್ರತವೆಂಬ ಹೆಸರು ಸಲ್ಲುವುದು. ಹಾಗೆ ಬಯಸುವುದೋ ಬೇಡವೋ ಎಂದು ಅವನು ಯೋಚಿಸಬೇಕಾದರೂ, ಮೊದಲು ನೋವು ಅಷ್ಟು ತಗ್ಗಿರಬೇಕು.