ಕೊಟ್ಟ ಕಾಲಾಳು, ಬಂದ ಫಲ

ಚದುರಂಗದಾಟದ ಆರಂಭದಲ್ಲಿಯೇ ಆಟಗಾರನು ತನ್ನ ಒಂದು ಕಾಲಾಳನ್ನು ತಿಳಿದೂ ತಿಳಿದೂ ಎದುರಾಳಿಗೆ ಒಡ್ಡುವ ಕ್ರಮವಿದೆ. ಇದಕ್ಕೆ ‘ಗ್ಯಾಂಬಿಟ್’ ಎಂದು ಹೆಸರು. ಕಳೆದುದಕ್ಕೆ ತಕ್ಕ ಫಲವುಂಟೆ ಎಂಬುದು ಅಲ್ಲಿನ ಪ್ರಶ್ನೆ. ಅದು ಮಣೆಯ ಮೇಲಷ್ಟೇ ಉಳಿಯುವ ಪ್ರಶ್ನೆಯಲ್ಲ.

ಈ ಆಟ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದೇ ಅರುವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದರು.

‘ಕ್ವೀನ್ಸ್ ಗ್ಯಾಂಬಿಟ್’ನಲ್ಲಿ ಬಿಳಿಯವನು ಎರಡನೆಯ ನಡೆಯಲ್ಲಿ ಸಿ4ಕ್ಕೆ ಕಾಲಾಳನ್ನು ಮುಂದೊಡ್ಡುತ್ತಾನೆ. ಕಪ್ಪಿನವನು ಅದನ್ನು ಹೊಡೆಯುವುದರಲ್ಲಿ ದೋಷವಿಲ್ಲ. ಹೊಡೆದುದನ್ನು ಉಳಿಸಿಕೊಳ್ಳುವ ಹಟದಲ್ಲಿ ದೋಷವಿದೆ. ಬಿಳಿಯವನು ಇ3 ಆಡಿದಾಗ ಇವನು ಬಿ5ರಿಂದ ಕಾವಲಿಟ್ಟರೆ, ಅವನು ಎ4ರಿಂದ ಆ ಕಾವಲನ್ನು ಕೆಣಕುತ್ತಾನೆ. ಇವನು ಸಿ6ರಿಂದ ಮತ್ತೊಂದು ಕಾವಲಿಟ್ಟರೆ, ಬಿ5ರಲ್ಲಿ ಕಾಲಾಳುಗಳು ಹೊಡೆದಾಡಿದ ಮೇಲೆ ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ನಿಲ್ಲುತ್ತದೆ; ತೆರವಾದ ಓರೆಗೆರೆಯ ತುದಿಯಲ್ಲಿ ಕಪ್ಪಿನ ಆನೆ ಸಿಕ್ಕಿಬೀಳುತ್ತದೆ. ಅದನ್ನು ಉಳಿಸಲು ಕುದುರೆಯನ್ನೋ ಒಂಟೆಯನ್ನೋ ತೆರಬೇಕು. ಪರಿಗ್ರಹದ ಸ್ವರೂಪವೇ ಇದು: ಸಿಕ್ಕುದರ ಕಾವಲಿಗಾಗಿ ಇದ್ದುದೂ ಹೋಗುತ್ತದೆ.

ಪಾಲ್ ಬೆಂಕೊ ಎಂಬ ಆಟಗಾರನ ಹೆಸರಿನ ಗ್ಯಾಂಬಿಟ್ಟಿನ ರೀತಿ ಬೇರೆ. ಅಲ್ಲಿ ಕಪ್ಪಿನವನು ಮೂರನೆಯ ನಡೆಯಲ್ಲಿ ಬಿ5ರ ಕಾಲಾಳನ್ನು ಒಡ್ಡುತ್ತಾನೆ. ಅದು ಮರಳಿ ಬರದಿದ್ದರೂ ಎ ಮತ್ತು ಬಿ ಸಾಲುಗಳು ಅವನ ಆನೆಗಳಿಗೆ ತೆರೆಯುತ್ತವೆ. ಈ ಫಲವನ್ನು ಎದುರಾಳಿ ಕೈಯೆತ್ತಿ ಕೊಡುವುದಿಲ್ಲ; ಕೊಟ್ಟವನೇ ಮುಂದಿನ ನಡೆಗಳಿಂದ ದುಡಿದುಕೊಳ್ಳಬೇಕು. ಸೋಮಾರಿಗೆ ಕಾಲಾಳೂ ಇಲ್ಲ, ಫಲವೂ ಇಲ್ಲ.

ಹಾಗಾದರೆ ಫಲವನ್ನೆಣಿಸಿ ಕೊಟ್ಟುದು ತ್ಯಾಗವೆ? ಜೈನ ಆಚಾರಶಾಸ್ತ್ರವು ಮಾಯೆ, ಮಿಥ್ಯಾತ್ವಗಳೊಡನೆ ನಿದಾನವನ್ನೂ, ಎಂದರೆ ಮುಂದಣ ಭೋಗದ ಆಕಾಂಕ್ಷೆಯನ್ನೂ, ಶಲ್ಯವೆಂದು ಎಣಿಸಿದೆ. ಆ ಒರೆಗಲ್ಲಿಗೆ ತಿಕ್ಕಿದರೆ ಗ್ಯಾಂಬಿಟ್ ತ್ಯಾಗವಲ್ಲ, ವ್ಯವಹಾರ. ವ್ಯವಹಾರವೆಲ್ಲ ಹೀನವೆಂದಲ್ಲ. ಮಳೆಯ ಅಭಾವವನ್ನು ಬಲ್ಲ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ರೈತನು ಬೀಜವನ್ನು ಮಣ್ಣಿಗೆ ಹಾಕುವುದೂ ಫಲದ ಆಸೆಯಿಂದಲೇ. ಆದರೆ ಮಳೆ ಕೈಕೊಟ್ಟರೆ ನಷ್ಟ ಅವನದೇ.

ಮಣೆಯ ಮೇಲೆ ಹೋಗುವುದು ಕಾಲಾಳು, ಗೆಲ್ಲುವುದು ಆಟಗಾರ. ಕಾಲಾಳು ಮರದ್ದಾದುದರಿಂದ ನೋವಿಲ್ಲ. ಸಂಸಾರದಲ್ಲಿ ಹಾಗಲ್ಲ. ಮಗನ ವ್ಯಾಪಾರದ ಬಂಡವಾಳಕ್ಕೆಂದು ಮಗಳ ಓದನ್ನು ನಿಲ್ಲಿಸಿ, ಅದನ್ನು ಮನೆತನದ ತ್ಯಾಗವೆಂದು ಹೇಳಿಕೊಳ್ಳುವವರುಂಟು. ಕೆಲಸದವರ ಸಂಬಳವನ್ನು ತಡೆದು ಉತ್ಸವವನ್ನು ವೈಭವದಿಂದ ನಡೆಸುವ ಸಂಸ್ಥೆಗಳೂ ಉಂಟು. ಅಲ್ಲಿ ಕಳೆದುಕೊಂಡವರನ್ನು ಯಾರೂ ಕೇಳಲಿಲ್ಲ. ಫಲವು ಅವರನ್ನು ಮುಟ್ಟಲೂ ಇಲ್ಲ.

ಆದುದರಿಂದ ಕಳೆದುದಕ್ಕೆ ಫಲ ಬಂದಿತೆ ಎಂದು ಕೇಳುವ ಮೊದಲು, ಕಳೆದುದು ಯಾರದು, ಬಂದುದು ಯಾರಿಗೆ ಎಂದು ಕೇಳಬೇಕು. ತನ್ನದನ್ನು ಕೊಟ್ಟು ತಾನೇ ಪಡೆದರೆ ವ್ಯವಹಾರ. ತನ್ನದನ್ನು ಕೊಟ್ಟು ಫಲವನ್ನು ಬಯಸದಿದ್ದರೆ ತ್ಯಾಗ. ಪರರದನ್ನು ಕೊಟ್ಟು ತಾನು ಪಡೆದರೆ, ಎಷ್ಟೇ ಜಾಣ ನಡೆಯಾದರೂ, ಅದು ಅಚೌರ್ಯವ್ರತದ ಭಂಗವೇ ಸರಿ.