ಹಗ್ಗವೋ, ಹರಕೆಯೋ

ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಎಬ್ಬಿಸಿದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಯುಧಪೂಜೆ ಬಂತೆಂದರೆ ಲ್ಯಾಪ್‌ಟಾಪಿಗೂ ಕುಂಕುಮ ಬೀಳುತ್ತದೆ. ಕ್ಯಾಬಿಗೆ ಬಾಳೆಕಂದು, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು, ಗೇಟಿನ ಮುಂದೆ ಒಡೆದ ಬೂದುಗುಂಬಳ. ಎರಡು ದಿನಕ್ಕೆ ಹೂವು ಬಾಡುತ್ತದೆ. ಬಾಡದೆ ಉಳಿಯುವುದು ಕೆಲವು ಗಾಡಿಗಳ ಬಂಪರಿಗೆ ಸುತ್ತಿದ ಕರಿ ಹಗ್ಗ. ಹೊಸೂರು ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡವರಿಗೆ ಅದನ್ನು ನೋಡುವಷ್ಟು ಪುರಸೊತ್ತಂತೂ ಇರುತ್ತದೆ. ಅದನ್ನು ಮನುಷ್ಯರ ಕೂದಲಿನಿಂದಲೂ ಹೊಸೆಯುತ್ತಾರೆ.

ಶೀಲಾ ಗೌಡ ನೋಡಿದರು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತು, ಕ್ಯಾನ್ವಾಸು ಬದಿಗಿಟ್ಟು ಸಗಣಿ, ಕುಂಕುಮ, ಟಾರ್ ಡ್ರಮ್ಮುಗಳ ಕಡೆ ಹೊರಳಿದ ಕಲಾವಿದೆ ಅವರು. 2009ರ ವೆನಿಸ್ ಬಿನಾಲೆಗೆ ಅವರು ಒಯ್ದದ್ದು ಇದೇ ಹಗ್ಗವನ್ನು, ಸುಮಾರು 4 ಕಿ.ಮೀ. ಉದ್ದದ್ದು. ಅದರಲ್ಲಿ ಕಾರಿನ ಬಂಪರುಗಳು ಜೋತಾಡುತ್ತಿದ್ದವು. ಕೃತಿಯ ಹೆಸರು ‘ಬಿಹೋಲ್ಡ್’. ಗಾಡಿಯನ್ನು ಕಾಯಲೆಂದು ಕಟ್ಟುವ ಹಗ್ಗ ಅಲ್ಲಿ ಗಾಡಿಯ ಉಕ್ಕಿನ ಭಾರವನ್ನೇ ಹೊತ್ತಿತ್ತು.

ಮೈಯಿಂದ ಉದುರಿದ ಕೂದಲು ಮೈಲಿಗೆ. ಅನ್ನದಲ್ಲಿ ಒಂದೆಳೆ ಸಿಕ್ಕರೆ ತಟ್ಟೆ ದೂರ ಸರಿಯುತ್ತದೆ. ಅದೇ ಕೂದಲನ್ನು ಹರಕೆ ಹೊತ್ತು ದೇವರಿಗೆ ಕೊಟ್ಟರೆ ಮುಡಿ. ಉದ್ದದ್ದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡದ್ದು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಗಾಡಿ ಏರುತ್ತದೆ. ಮೈಲಿಗೆ, ಹರಕೆ, ಸರಕು, ರಕ್ಷೆ: ಇಷ್ಟೂ ಅವತಾರ ಒಂದೇ ವಸ್ತುವಿನದು. ಹಾಗಾದರೆ ಪಾವಿತ್ರ್ಯ ಇದ್ದದ್ದೆಲ್ಲಿ? ಕೂದಲಲ್ಲೋ, ಕೊಟ್ಟವರ ಮನಸ್ಸಿನಲ್ಲೋ, ಕಟ್ಟಿಕೊಂಡವರ ಭಯದಲ್ಲೋ?

ಅದ್ವೈತಕ್ಕೂ ಹಗ್ಗಕ್ಕೂ ಹಳೆಯ ನಂಟು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತದೆ. ದೀಪ ಹಿಡಿದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಶೀಲಾ ಗೌಡರ ಹಗ್ಗಕ್ಕೆ ದೀಪ ಹಿಡಿದು ನೋಡಿ. ಹಗ್ಗದೊಳಗೆ ಕೂದಲು ಕಾಣುತ್ತದೆ, ಕೂದಲ ಹಿಂದೆ ಗುರುತಿಲ್ಲದ ಸಾವಿರಾರು ತಲೆಗಳು, ಆ ತಲೆಗಳೊಳಗೆ ಮಗುವಿನ ಜ್ವರ, ತೀರದ ಸಾಲ, ಕೂಡಿಬರದ ಮದುವೆ. ಅರಿವು ಇಲ್ಲಿ ಕಳೆಯುವುದಿಲ್ಲ, ಕೂಡಿಸುತ್ತಲೇ ಹೋಗುತ್ತದೆ. ಇದೂ ನಾಮರೂಪವೇ ಎಂದು ವೇದಾಂತಿ ನಕ್ಕಾನು. ನಗಲಿ, ಹರಕೆ ಹೊತ್ತವರಿಗೆ ಜ್ವರ ನಿಜವೇ ಆಗಿತ್ತು.

ಪರಿಕಲ್ಪನಾ ಕಲೆಯ ಮಾತು ಬಂದಾಗಲೆಲ್ಲ ಮಾರ್ಸೆಲ್ ದ್ಯುಶಾಂ ಬರುತ್ತಾನೆ. 1917ರಲ್ಲಿ ಅವನು ಆರಿಸಿದ ಅಂಗಡಿಯ ಮೂತ್ರದ ಬೋಗುಣಿಯೊಂದಕ್ಕೆ ‘ಆರ್. ಮಟ್’ ಎಂಬ ಸಹಿ ಬಿದ್ದು ಅದು ನ್ಯೂಯಾರ್ಕಿನ ಪ್ರದರ್ಶನಕ್ಕೆ ಹೋಯಿತು. ಕಲಾವಿದನ ಆಯ್ಕೆಯೇ ಕಲೆ ಎಂಬ ವಾದ ಅಲ್ಲಿಂದ ಬಲಗೊಂಡಿತು. ಆದರೆ ಆ ಬೋಗುಣಿಗೆ ಅದಕ್ಕೂ ಮುಂಚೆ ಯಾರೂ ಕೈಮುಗಿದಿರಲಿಲ್ಲ. ಬಂಪರಿನ ಹಗ್ಗದ ಕತೆ ಹಾಗಲ್ಲ. ಅದಕ್ಕೆ ಅರ್ಥ ತುಂಬಿದವರು ಮುಡಿ ಕೊಟ್ಟವರು, ಹೊಸೆದವರು, ಡ್ರೈವರುಗಳು. ಕಲಾವಿದೆ ಬಂದದ್ದು ಆಮೇಲೆ.

‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಷ್ಟು ದೂರ ಹೋಗಲಾಗದವರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಫೋನು ಕೆಳಗಿಟ್ಟು ಪಕ್ಕದ ಗಾಡಿಯ ಬಂಪರ್ ಒಮ್ಮೆ ನೋಡಲಿ.